ಡೆಬಿಯನ್ ಸಿಡ್‌ನಲ್ಲಿ ಜಿಸಿಸಿ ಕೈಕೊಟ್ಟರೆ: ಡೌನ್‌ಗ್ರೇಡ್‌ಗೆ ಮೊದಲು ಮುರಿದ ಕೊಂಡಿ ಯಾವುದೆಂದು ನೋಡಿ

ಬೈಟ್‌ಬಳ್ಳಿ:
ಡೆಬಿಯನ್ ಸಿಡ್ (ಸದಾ ಬದಲಾಗುವ ಅನ್‌ಸ್ಟೇಬಲ್ ಶಾಖೆ), 64 ಬಿಟ್, ಜೊತೆಗೆ ಐ386 ಮಲ್ಟಿಆರ್ಚ್ (32 ಬಿಟ್ ಪ್ಯಾಕೇಜುಗಳ ಸೌಲಭ್ಯ) ಕೂಡ ಆನ್ ಇದೆ. ಅಪ್‌ಗ್ರೇಡ್ ಆದ ಮೇಲೆ ಯಾವ ಸಿ ಫೈಲ್ ಕೊಟ್ಟರೂ ಜಿಸಿಸಿ "ಫೇಟಲ್ ಎರರ್: ಕ್ಯಾನಾಟ್ ಎಕ್ಸಿಕ್ಯೂಟ್ ಸಿಸಿ1, ನೋ ಸಚ್ ಫೈಲ್ ಆರ್ ಡೈರೆಕ್ಟರಿ" ಎಂದು ನಿಂತುಬಿಡುತ್ತದೆ. ಜಿಸಿಸಿ-14 ಪ್ಯಾಕೇಜನ್ನು ರೀಇನ್‌ಸ್ಟಾಲ್ ಮಾಡಿದರೂ ಅದೇ ಕತೆ. ವರ್ಶನ್ ಕೇಳಿದರೆ ಮಾತ್ರ ಸರಿಯಾಗಿ ಹೇಳುತ್ತದೆ. ಪೂರ್ತಿ ಹಳೆಯ ಜಿಸಿಸಿಗೆ ಹಿಂತಿರುಗುವುದೇ ದಾರಿಯೇ?

ಎರಡನೆಯದು ಬೇರೆ ಮಶೀನಿನದು. ಅಲ್ಲಿ ಸಿಸಿ1 ಇದೆ, ಆದರೆ ಒಂದೇ ಒಂದು ಸಿ++ ಫೈಲಿನಲ್ಲಿ "ಇಂಟರ್ನಲ್ ಕಂಪೈಲರ್ ಎರರ್" ಬರುತ್ತದೆ. ಇವೆರಡಕ್ಕೂ ಸಂಬಂಧ ಇರಬಹುದೇ?

ಕೊಂಡಿಸಾಲು:
ಸಂಬಂಧ ಇಲ್ಲ, ಬೇರೆ ಬೇರೆಯಾಗಿ ನೋಡೋಣ. ಮೊದಲನೆಯದು ಸುಲಭದ್ದು.

ಜಿಸಿಸಿ ಎಂದು ನಾವು ಟೈಪ್ ಮಾಡುವುದು ಕಂಪೈಲರ್ ಅಲ್ಲ, ಬರೀ ಡ್ರೈವರ್. ಅದು ನಿಜವಾದ ಕಂಪೈಲರ್ ಆದ ಸಿಸಿ1 ಅನ್ನು ಕರೆದು ಅಸೆಂಬ್ಲಿ ಮಾಡಿಸುತ್ತದೆ, ಅದನ್ನು ಬಿನ್‌ಯುಟಿಲ್ಸ್‌ನ ಅಸೆಂಬ್ಲರ್ ಎಎಸ್‌ಗೆ ಕೊಡುತ್ತದೆ, ಕೊನೆಗೆ ಕಲೆಕ್ಟ್2 ಮೂಲಕ ಲಿಂಕರ್ ಎಲ್‌ಡಿಗೆ. ವರ್ಶನ್ ಹೇಳುವುದಕ್ಕೆ ಡ್ರೈವರ್ ಒಂದೇ ಸಾಕು, ಆದ್ದರಿಂದ ಆ ಉತ್ತರ ಬಂದಿತೆಂದು ಕಂಪೈಲರ್ ಸರಿ ಇದೆ ಎಂದುಕೊಳ್ಳಬೇಡಿ.

ಜಿಸಿಸಿ-14 ರೀಇನ್‌ಸ್ಟಾಲ್ ಯಾಕೆ ಕೆಲಸ ಮಾಡಲಿಲ್ಲ ಎಂದರೆ, ಆ ಹೆಸರಿನ ಪ್ಯಾಕೇಜಿನಲ್ಲಿ ಇರುವುದು ಬಹುಮಟ್ಟಿಗೆ ಸಿಮ್‌ಲಿಂಕ್‌ಗಳು. ನಿಜವಾದ ಬೈನರಿಗಳು ಆರ್ಕಿಟೆಕ್ಚರ್ ಹೆಸರು ಬಾಲಕ್ಕಿರುವ ಪ್ಯಾಕೇಜುಗಳಲ್ಲಿವೆ: ಜಿಸಿಸಿ-14-ಎಕ್ಸ್86-64-ಲಿನಕ್ಸ್-ಗ್ನು, ಹಾಗೆಯೇ ಸಿಪಿಪಿ-14-ಎಕ್ಸ್86-64-ಲಿನಕ್ಸ್-ಗ್ನು. ಸಿಸಿ1 ಬರುವುದು ಎರಡನೆಯದರಿಂದ, ಅಂದರೆ ಸಿಪಿಪಿಯಿಂದ. ಸಿ++ಗೆ ಬೇಕಾದ ಸಿಸಿ1ಪ್ಲಸ್ ಬರುವುದು ಜಿ++ ಕಡೆಯಿಂದ. ಈಗಿನ ಜಿಸಿಸಿಯಲ್ಲಿ ಪ್ರೀಪ್ರೊಸೆಸರ್ ಸಿಸಿ1 ಒಳಗೇ ಸೇರಿಕೊಂಡಿರುವುದರಿಂದ ಈ ಹೆಸರಿನ ಗೊಂದಲ.

"ಡಿಪಿಕೆಜಿ -ಎಲ್" ಕೊಟ್ಟು ಸಿಪಿಪಿ-14 ಎಂದು ಶುರುವಾಗುವ ಸಾಲುಗಳ ಮೊದಲ ಎರಡು ಅಕ್ಷರ ನೋಡಿ. "ಐಐ" ಇದ್ದರೆ ಸರಿ. "ಐಯು" ಅಂದರೆ ಬಿಚ್ಚಿಟ್ಟಿದೆ, ಕಾನ್ಫಿಗರ್ ಆಗಿಲ್ಲ. "ಐಎಚ್" ಅಂದರೆ ಅರ್ಧಕ್ಕೇ ನಿಂತಿದೆ. ಅಲ್ಲೇ ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಅನ್ನುವುದನ್ನೂ "ಡಿಎಫ್" ಕೊಟ್ಟು ನೋಡಿ. ಅಪ್‌ಗ್ರೇಡ್ ಮಧ್ಯದಲ್ಲಿ ಜಾಗ ಮುಗಿದರೆ ಇಂಥ ಸ್ಥಿತಿಯೇ ಆಗುತ್ತದೆ. ಜಾಗ ಮಾಡಿಕೊಂಡು "ಡಿಪಿಕೆಜಿ --ಕಾನ್ಫಿಗರ್ -ಎ", ಆಮೇಲೆ "ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್", ಕೊನೆಗೆ ಆ ಸಿಪಿಪಿ ಪ್ಯಾಕೇಜನ್ನೇ ಹೆಸರು ಹಿಡಿದು ರೀಇನ್‌ಸ್ಟಾಲ್. ಇಷ್ಟಾದ ಮೇಲೆ "ಡಿಪಿಕೆಜಿ --ವೆರಿಫೈ" ಕೊಟ್ಟರೆ ಫೈಲುಗಳ ಚೆಕ್‌ಸಮ್ ತಾಳೆಯಾಗುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ.

ಮೇಕ್‌ಮನೆ:
ಮೇಲಿನದಕ್ಕೆ ಒಂದು ಸೇರಿಸುವೆ. ಎರರ್ ಮೆಸೇಜು ಅರ್ಥವಾಗದಿದ್ದಾಗ ಊಹೆ ಮಾಡುತ್ತಾ ಕೂರುವ ಬದಲು ಹಂತ ಹಂತವಾಗಿ ಬಿಡಿಸಿ. ಖಾಲಿ ಮೈನ್ ಇರುವ ಒಂದು ಸಾಲಿನ ಸಿ ಫೈಲ್ ಸಾಕು. ಮೊದಲು ಕ್ಯಾಪಿಟಲ್ ಎಸ್ ಆಯ್ಕೆ ಕೊಟ್ಟು ಅಸೆಂಬ್ಲಿ ಮಾತ್ರ ಮಾಡಿಸಿ. ಇಲ್ಲಿ ಬಿದ್ದರೆ ತೊಂದರೆ ಸಿಸಿ1ನದ್ದು, ಅಥವಾ ಅದಕ್ಕೆ ಬೇಕಾದ ಲೈಬ್ರರಿಗಳದ್ದು (ಜಿಎಮ್‌ಪಿ, ಎಮ್‌ಪಿಎಫ್‌ಆರ್, ಎಮ್‌ಪಿಸಿ, ಐಎಸ್‌ಎಲ್, ಸಿಸಿ1 ಮೇಲೆ "ಎಲ್‌ಡಿಡಿ" ಓಡಿಸಿದರೆ "ನಾಟ್ ಫೌಂಡ್" ಎಂದು ಕಾಣುತ್ತದೆ). ಅದು ದಾಟಿದರೆ ಸಣ್ಣ ಸಿ ಆಯ್ಕೆ. ಇಲ್ಲಿ ಬಿದ್ದರೆ ಎಎಸ್, ಅಂದರೆ ಬಿನ್‌ಯುಟಿಲ್ಸ್. ಅದೂ ದಾಟಿ ಲಿಂಕ್‌ನಲ್ಲಿ ಬಿದ್ದರೆ ಕಾಣೆಯಾದ ಫೈಲಿನ ಹೆಸರೇ ಪ್ಯಾಕೇಜನ್ನು ಹೇಳುತ್ತದೆ. ಸಿಆರ್‌ಟಿ1.ಓ ಅಥವಾ ಎಸ್‌ಸಿಆರ್‌ಟಿ1.ಓ ಇಲ್ಲ ಎಂದರೆ ಲಿಬ್‌ಸಿ6-ಡೆವ್. ಸಿಆರ್‌ಟಿಬಿಗಿನ್.ಓ ಅಥವಾ ಲಿಬ್‌ಜಿಸಿಸಿ ಇಲ್ಲ ಎಂದರೆ ಲಿಬ್‌ಜಿಸಿಸಿ-14-ಡೆವ್. ಎಸ್‌ಟಿಡಿಸಿ++ ಸಿಗಲಿಲ್ಲ ಎಂದರೆ ಲಿಬ್‌ಎಸ್‌ಟಿಡಿಸಿ++-14-ಡೆವ್.

ಹೆಡರ್‌ಗಳಲ್ಲೂ ಹೀಗೇ. ಎಸ್‌ಟಿಡಿಐಒ.ಎಚ್ ಸಿಗದಿದ್ದರೆ ಲಿಬ್‌ಸಿ6-ಡೆವ್ ನೋಡಿ, ಎಸ್‌ಟಿಡಿಡೆಫ್.ಎಚ್ ಸಿಗದಿದ್ದರೆ ಲಿಬ್‌ಜಿಸಿಸಿ-14-ಡೆವ್ ನೋಡಿ. ಎರಡೂ ಸಿ ಹೆಡರ್‌ಗಳೇ ಆದರೂ ಎರಡನೆಯದು ಕಂಪೈಲರಿನ ಸ್ವಂತ ಆಸ್ತಿ.

ಪ್ಯಾಕೇಜುಗಳೆಲ್ಲ "ಐಐ" ಇದ್ದೂ ವಿಚಿತ್ರ ನಡೆಯುತ್ತಿದ್ದರೆ "ಟೈಪ್ -ಎ ಜಿಸಿಸಿ" ಕೊಡಿ. ಯುಎಸ್‌ಆರ್/ಲೋಕಲ್‌ನಲ್ಲೋ ಕೊಂಡಾ ಎನ್ವಿರಾನ್‌ಮೆಂಟಿನಲ್ಲೋ ಇನ್ನೊಂದು ಜಿಸಿಸಿ ಅಥವಾ ಎಲ್‌ಡಿ ಮುಂದೆ ನಿಂತಿರಬಹುದು. ಕಂಪೈಲರ್_ಪಾತ್, ಲೈಬ್ರರಿ_ಪಾತ್, ಸಿಪಾತ್, ಜಿಸಿಸಿ_ಎಕ್ಸೆಕ್_ಪ್ರಿಫಿಕ್ಸ್ ಎಂಬ ವೇರಿಯಬಲ್‌ಗಳು ಸೆಟ್ ಆಗಿವೆಯೇ ನೋಡಿ. ಎಷ್ಟೋ ಸಲ ಡಿಸ್ಟ್ರೋ ಸರಿಯಾಗೇ ಇರುತ್ತದೆ, ಶೆಲ್ ಕೆಟ್ಟಿರುತ್ತದೆ.

ಅಸೆಂಬ್ಲಿ32:
ಎರಡನೇ ಮಶೀನಿನ ಐಸಿಇ (ಇಂಟರ್ನಲ್ ಕಂಪೈಲರ್ ಎರರ್) ಬಗ್ಗೆ. ಪೂರ್ತಿ ಔಟ್‌ಪುಟ್ ಬೇಕು, ಕೊನೆ ಸಾಲು ಮಾತ್ರ ಅಲ್ಲ. ಮೂರು ಸಂಗತಿಗಳನ್ನು ಬೇರೆ ಮಾಡಿಕೊಳ್ಳಬೇಕು.

"ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಮ್ ಸಿಸಿ1ಪ್ಲಸ್" ಎಂದಿದ್ದರೆ ಅದು ಕಂಪೈಲರಿನ ತಪ್ಪೇ ಅಲ್ಲ. ಮೆಮೊರಿ ಸಾಲದೆ ಕರ್ನಲ್ ಅದನ್ನು ಕೊಂದಿದೆ, ಡಿಮೆಸೇಜ್‌ನಲ್ಲಿ "ಔಟ್ ಆಫ್ ಮೆಮೊರಿ" ಸಾಲು ಸಿಗುತ್ತದೆ. ಟೆಂಪ್ಲೇಟ್ ತುಂಬಿದ ಸಿ++ ಫೈಲಿಗೆ ಒಂದೊಂದು ಸಿಸಿ1ಪ್ಲಸ್ 1–2 ಜಿಬಿ ಹಿಡಿಯುವುದು ಸಾಮಾನ್ಯ. 16 ಜಿಬಿ ಯಂತ್ರದಲ್ಲಿ ಮೇಕ್‌ಗೆ ಜೆ16 (ಒಟ್ಟಿಗೆ 16 ಕೆಲಸ) ಕೊಟ್ಟರೆ ಇದು ಆಗಿಯೇ ತೀರುತ್ತದೆ; ಜೆ4ಕ್ಕೆ ಇಳಿಸಿ.

ಒಂದು ಸಲ ಬಂದು, ಮತ್ತೆ ಓಡಿಸಿದರೆ ಬೇರೆ ಫೈಲಿನಲ್ಲಿ ಬಂದರೆ, ಅಥವಾ ಬರದೇ ಹೋದರೆ ರ‍್ಯಾಮ್ ಮೇಲೆ ಅನುಮಾನ ಪಡಿ. ಕಂಪೈಲರ್ ಅಂದರೆ ಒಂದೇ ಇನ್‌ಪುಟ್‌ಗೆ ಒಂದೇ ಉತ್ತರ ಕೊಡುವ ಪ್ರೋಗ್ರಾಮ್. "-ಎಫ್‌ರಿಪೋರ್ಟ್-ಬಗ್" ಕೊಟ್ಟರೆ ಡ್ರೈವರ್ ಅದೇ ಕೆಲಸವನ್ನು ತಾನೇ ಮತ್ತೆ ಮಾಡಿ ನೋಡುತ್ತದೆ. ಫಲಿತಾಂಶ ಬದಲಾದರೆ "ಬಗ್ ಈಸ್ ನಾಟ್ ರೀಪ್ರೊಡ್ಯೂಸಿಬಲ್, ಹಾರ್ಡ್‌ವೇರ್ ಆರ್ ಓಎಸ್ ಪ್ರಾಬ್ಲಮ್" ಎನ್ನುತ್ತದೆ. ಈ ಸಾಲು ಕಂಡರೆ ಮೆಮ್‌ಟೆಸ್ಟ್86+ ಒಂದು ರಾತ್ರಿ ಓಡಿಸಿ, ಓವರ್‌ಕ್ಲಾಕ್ ತೆಗೆಯಿರಿ. ಆಮೇಲೆ ಜಿಸಿಸಿ ಮಾತು.

ಪ್ರತಿ ಸಲವೂ ಅದೇ ಫೈಲ್, ಅದೇ ಸಾಲು ಆದರೆ ನಿಜವಾದ ಐಸಿಇ. ಆಗ "ಡ್ಯೂರಿಂಗ್ ಜಿಂಪಲ್ ಪಾಸ್" ಅಥವಾ "ಡ್ಯೂರಿಂಗ್ ಆರ್‌ಟಿಎಲ್ ಪಾಸ್" ಎಂದು ಒಂದು ಸಾಲಿರುತ್ತದೆ, ಪಕ್ಕದಲ್ಲಿ ಪಾಸ್‌ನ ಹೆಸರು. ಆ ಸಾಲಿನಲ್ಲಿ ಬಹಳ ಮಾಹಿತಿ ಇದೆ. ಉದಾಹರಣೆಗೆ ಅಲ್ಲಿ "ವೆಕ್ಟ್" ಎಂದಿದ್ದರೆ ಆ ಒಂದು ಫೈಲಿಗೆ ಮಾತ್ರ "-ಎಫ್‌ನೋ-ಟ್ರೀ-ವೆಕ್ಟರೈಜ್" ಕೊಟ್ಟರೆ ಕೆಲಸ ಮುಂದುವರಿಯುತ್ತದೆ. ಇಡೀ ಪ್ರಾಜೆಕ್ಟನ್ನು ಓ0ಗೆ (ಆಪ್ಟಿಮೈಸೇಶನ್ ಇಲ್ಲದ ಮಟ್ಟಕ್ಕೆ) ಇಳಿಸಬೇಕಾಗಿಲ್ಲ.

ಸಿಡ್‌ಸವಾರಿ:
ನಾನಾದರೆ ಇಷ್ಟೆಲ್ಲ ಹುಡುಕುವ ಮೊದಲು ಜಿಸಿಸಿ-13 ಹಾಕಿಕೊಳ್ಳುತ್ತೇನೆ. ಡೆಬಿಯನ್‌ನಲ್ಲಿ ಬೇರೆ ಬೇರೆ ಮೇಜರ್ ವರ್ಶನ್‌ಗಳು ಅಕ್ಕಪಕ್ಕದಲ್ಲಿ ತಕರಾರಿಲ್ಲದೆ ಇರುತ್ತವೆ. ಸಿಸಿ=ಜಿಸಿಸಿ-13, ಸಿಎಕ್ಸ್‌ಎಕ್ಸ್=ಜಿ++-13 ಎಂದು ಕಾನ್ಫಿಗರ್‌ಗೆ ಕೊಟ್ಟರೆ ಮುಗಿಯಿತು. ಕರ್ನಲ್ ಆದರೆ ಹೋಸ್ಟ್‌ಸಿಸಿಯನ್ನೂ ಕೊಡಬೇಕು. ಸಿಮೇಕ್ ಆದರೆ ಬಿಲ್ಡ್ ಡೈರೆಕ್ಟರಿಯನ್ನೇ ಹೊಸದಾಗಿ ಮಾಡಿ, ಏಕೆಂದರೆ ಹಳೆಯ ಕಂಪೈಲರ್ ಹೆಸರು ಸಿಮೇಕ್‌ಕ್ಯಾಶ್ ಫೈಲಿನಲ್ಲಿ ಅಂಟಿಕೊಂಡಿರುತ್ತದೆ.

ದಯವಿಟ್ಟು ಯುಎಸ್‌ಆರ್/ಬಿನ್/ಜಿಸಿಸಿ ಸಿಮ್‌ಲಿಂಕನ್ನು ಕೈಯಿಂದ ತಿದ್ದಬೇಡಿ. ಅದು ಜಿಸಿಸಿ ಪ್ಯಾಕೇಜಿನ ಸ್ವತ್ತು, ಮುಂದಿನ ಅಪ್‌ಗ್ರೇಡ್‌ನಲ್ಲಿ ಸದ್ದಿಲ್ಲದೆ ಹಿಂದಕ್ಕೆ ಹೋಗುತ್ತದೆ. ಬೇಕಿದ್ದರೆ ನಿಮ್ಮ ಹೋಮ್‌ನ ಬಿನ್ ಡೈರೆಕ್ಟರಿಯಲ್ಲಿ ಲಿಂಕ್ ಮಾಡಿ, ಪಾತ್‌ನಲ್ಲಿ ಮುಂದಿಡಿ.

ಕೊಂಡಿಸಾಲು:
ಒಪ್ಪುತ್ತೇನೆ, ಆದರೆ ಒಂದು ಷರತ್ತು. ಎಲ್‌ಟಿಒ (ಲಿಂಕ್ ಹಂತದ ಆಪ್ಟಿಮೈಸೇಶನ್) ಬಳಸುತ್ತಿದ್ದರೆ ಹಳೆಯ ಆಬ್ಜೆಕ್ಟ್‌ಗಳನ್ನು ಪೂರ್ತಿ ಅಳಿಸಿ. 14ರಲ್ಲಿ ಮಾಡಿದ ಎಲ್‌ಟಿಒ ಬೈಟ್‌ಕೋಡನ್ನು 13 ಓದುವುದಿಲ್ಲ, "ಬೈಟ್‌ಕೋಡ್ ಸ್ಟ್ರೀಮ್ ಜನರೇಟೆಡ್ ವಿತ್ ಎಲ್‌ಟಿಒ ವರ್ಶನ್" ಎಂದು ಲಿಂಕ್ ಬೀಳುತ್ತದೆ. ಅದನ್ನು ಕಂಡು ಎರಡನೇ ಕಂಪೈಲರೂ ಮುರಿದಿದೆ ಎಂದು ತಿಳಿದವರಿದ್ದಾರೆ.

ಹೆಡರ್‌ಹುಡುಗಿ:
ಇನ್ನೊಂದು ಕಂಪೈಲರ್ ಕ್ಲ್ಯಾಂಗ್ ಇದೆಯಲ್ಲ, ಅದರಲ್ಲಿ ಮಾಡಿಕೊಳ್ಳುತ್ತೇನೆ ಎನ್ನುವವರಿಗೆ: ಡೆಬಿಯನ್‌ನ ಕ್ಲ್ಯಾಂಗ್ ತನ್ನ ಕಾಲ ಮೇಲೆ ತಾನು ನಿಂತಿಲ್ಲ. ಸ್ಟಾರ್ಟ್‌ಅಪ್ ಆಬ್ಜೆಕ್ಟ್‌ಗಳನ್ನೂ ಸಿ++ ಲೈಬ್ರರಿಯನ್ನೂ ಜಿಸಿಸಿಯಿಂದಲೇ ಎರವಲು ತರುತ್ತದೆ, ಅದೂ ಕಂಡ ಡೈರೆಕ್ಟರಿಗಳಲ್ಲಿ ಅತಿ ಹೊಸದರಿಂದ. ಜಿಸಿಸಿ-15 ಹಾಕಿ, ಲಿಬ್‌ಎಸ್‌ಟಿಡಿಸಿ++-15-ಡೆವ್ ಹಾಕದಿದ್ದರೆ, ಕ್ಲ್ಯಾಂಗ್ 15ರ ಡೈರೆಕ್ಟರಿ ಆರಿಸಿಕೊಂಡು "ಐಒಸ್ಟ್ರೀಮ್ ಫೈಲ್ ನಾಟ್ ಫೌಂಡ್" ಎನ್ನುತ್ತದೆ. 14ರ ಹೆಡರ್‌ಗಳು ಪಕ್ಕದಲ್ಲೇ ಇದ್ದರೂ ನೋಡುವುದಿಲ್ಲ. "ಕ್ಲ್ಯಾಂಗ್ -ವಿ" ಕೊಟ್ಟಾಗ "ಸೆಲೆಕ್ಟೆಡ್ ಜಿಸಿಸಿ ಇನ್‌ಸ್ಟಾಲೇಶನ್" ಎಂಬ ಸಾಲು ಬರುತ್ತದೆ, ಯಾವುದನ್ನು ಹಿಡಿದಿದೆ ಅಲ್ಲೇ ಕಾಣುತ್ತದೆ. ಪರಿಹಾರ ಎರಡು: ಆ ವರ್ಶನ್ನಿನ ಲಿಬ್‌ಎಸ್‌ಟಿಡಿಸಿ++ ಡೆವ್ ಹಾಕುವುದು, ಇಲ್ಲವೇ ಕ್ಲ್ಯಾಂಗ್ 16ರಿಂದ ಬಂದಿರುವ "--ಜಿಸಿಸಿ-ಇನ್‌ಸ್ಟಾಲ್-ಡಿರ್" ಕೊಡುವುದು.

ಇನ್ನೊಂದು ಮಾತು. ಕಂಪೈಲರ್ ಮುರಿದಿದೆ ಎಂದು ಬರುವ ದೂರುಗಳಲ್ಲಿ ಬಹಳಷ್ಟು, ಕಂಪೈಲರ್ ಬಿಗಿಯಾದದ್ದರ ದೂರುಗಳು. 2020ರ ಜಿಸಿಸಿ 10ರಲ್ಲಿ "-ಎಫ್‌ನೋ-ಕಾಮನ್" ಡೀಫಾಲ್ಟ್ ಆಯಿತು. ಹೆಡರ್‌ನಲ್ಲಿ ಎಕ್ಸ್‌ಟರ್ನ್ ಇಲ್ಲದೆ ವೇರಿಯಬಲ್ ಬರೆದಿದ್ದ ಹಳೆಯ ಕೋಡೆಲ್ಲ "ಮಲ್ಟಿಪಲ್ ಡೆಫಿನಿಶನ್" ಎಂದು ಲಿಂಕ್‌ನಲ್ಲಿ ಬಿತ್ತು. 2024ರ ಜಿಸಿಸಿ 14ರಲ್ಲಿ ಘೋಷಿಸದ ಫಂಕ್ಷನ್ ಕರೆಯುವುದು, ಹೊಂದದ ಪಾಯಿಂಟರ್ ಕೊಡುವುದು ಇವೆಲ್ಲ ವಾರ್ನಿಂಗ್‌ನಿಂದ ಎರರ್‌ಗೆ ಏರಿದವು. "-ಎಫ್‌ಪರ್ಮಿಸಿವ್" ಕೊಟ್ಟರೆ ಮತ್ತೆ ವಾರ್ನಿಂಗ್ ಆಗುತ್ತವೆ. 2025ರ ಜಿಸಿಸಿ 15ರಲ್ಲಿ ಸಿ ಭಾಷೆಯ ಡೀಫಾಲ್ಟ್ ಗ್ನು23 ಆಯಿತು: ಬೂಲ್ ಈಗ ಕೀವರ್ಡ್, ಖಾಲಿ ಆವರಣ ಅಂದರೆ ಆರ್ಗ್ಯುಮೆಂಟೇ ಇಲ್ಲ ಎಂದರ್ಥ. ಹಳೆಯ ಕೋಡಿಗೆ "-ಎಸ್‌ಟಿಡಿ=ಗ್ನು17" ಕೊಡಿ. ಇವಕ್ಕೆ ಬಗ್ ಹಾಕಿದರೆ ಕಂಪೈಲರ್ ತಂಡದ ಸಮಯ ಹಾಳು. ಸರಿ ಮಾಡಬೇಕಾದದ್ದು ಆ ಪ್ರಾಜೆಕ್ಟಿನ ಕೋಡನ್ನು.

ಬೈಟ್‌ಬಳ್ಳಿ:
ಮೊದಲ ಮಶೀನಿನಲ್ಲಿ ಸಿಪಿಪಿ-14 ಉದ್ದ ಹೆಸರಿನದು "ಐಎಚ್" ಇತ್ತು, ವಾರ್ ಪಾರ್ಟಿಶನ್ ಪೂರ್ತಿ ತುಂಬಿತ್ತು. "ಆಪ್ಟ್ ಕ್ಲೀನ್" ಮಾಡಿ ಮೇಲೆ ಹೇಳಿದ ಕ್ರಮದಲ್ಲೇ ಹೋದೆ, ಸಿಸಿ1 ಬಂತು.

ಎರಡನೆಯದು ಪ್ರತಿ ಸಲವೂ ಅದೇ ಫೈಲ್, ಪಾಸ್ ಹೆಸರು ವೆಕ್ಟ್. ಹಿಂದಿನ ಡೆಬಿಯನ್ ರಿವಿಜನ್‌ನಲ್ಲಿ ಇರಲಿಲ್ಲ. ಈಗ ಆ ರಿವಿಜನ್‌ಗೆ ಹಿಂತಿರುಗಬಹುದೇ? ಕ್ಲೀನ್ ಮಾಡುವ ಅಭ್ಯಾಸ ಅಲ್ಲೂ ಇರುವುದರಿಂದ ಹಳೆಯ ಡೆಬ್ ಫೈಲುಗಳು ಕ್ಯಾಶ್‌ನಲ್ಲಿಲ್ಲ.

ಸಿಡ್‌ಸವಾರಿ:
ಕ್ಯಾಶ್ ಇಲ್ಲದಿದ್ದರೂ ತೊಂದರೆಯಿಲ್ಲ. ಮೊದಲು ಡೆಬಿಯನ್‌ನ ಟೆಸ್ಟಿಂಗ್ ಶಾಖೆಯಲ್ಲಿ ಯಾವ ರಿವಿಜನ್ ಇದೆ ನೋಡಿ. ಸಿಡ್‌ನಿಂದ ಟೆಸ್ಟಿಂಗ್‌ಗೆ ಹೋಗಲು ಕೆಲವು ದಿನ ಬೇಕು, ಹಾಗಾಗಿ ಹಳೆಯದು ಇನ್ನೂ ಅಲ್ಲೇ ಇರಬಹುದು. ಇಲ್ಲವಾದರೆ ಸ್ನ್ಯಾಪ್‌ಶಾಟ್.ಡೆಬಿಯನ್.ಆರ್ಗ್. 2005ರಿಂದ ಆರ್ಕೈವ್‌ಗೆ ಬಂದದ್ದೆಲ್ಲ ಅಲ್ಲಿದೆ. ಹಿಂದೆ ಯಾವ ರಿವಿಜನ್ ಇತ್ತು ಎಂದು ಡಿಪಿಕೆಜಿ ಲಾಗ್‌ನಲ್ಲಿ "ಅಪ್‌ಗ್ರೇಡ್" ಎಂದು ಹುಡುಕಿದರೆ ಪ್ಯಾಕೇಜ್ ಹೆಸರು, ಹಳೆಯದು, ಹೊಸದು ಒಂದೇ ಸಾಲಿನಲ್ಲಿ ಸಿಗುತ್ತವೆ.

ಸ್ನ್ಯಾಪ್‌ಶಾಟನ್ನು ಆಪ್ಟ್ ಸೋರ್ಸ್ ಆಗಿ ಹಾಕುವುದಾದರೆ "ಚೆಕ್-ವ್ಯಾಲಿಡ್-ಅಂಟಿಲ್=ನೋ" ಬೇಕು, ಇಲ್ಲದಿದ್ದರೆ ರಿಲೀಸ್ ಫೈಲ್ ಅವಧಿ ಮೀರಿದೆ ಎಂದು ಆಪ್ಟ್ ಒಪ್ಪುವುದಿಲ್ಲ. ಬೇಕಾದ್ದು 10–12 ಡೆಬ್ ಆದ್ದರಿಂದ ಅವನ್ನು ಒಂದು ಡೈರೆಕ್ಟರಿಗೆ ಇಳಿಸಿಕೊಂಡು ಒಟ್ಟಿಗೆ "ಆಪ್ಟ್ ಇನ್‌ಸ್ಟಾಲ್ --ಅಲೌ-ಡೌನ್‌ಗ್ರೇಡ್ಸ್" ಮಾಡುವುದೇ ಒಳ್ಳೆಯದು. ಮೊದಲು "-ಎಸ್" ಕೊಟ್ಟು ಏನೇನು ತೆಗೆಯುತ್ತದೆ ಓದಿ. ಆಮೇಲೆ ಮತ್ತೆ ಅಪ್‌ಗ್ರೇಡ್ ಆಗದಂತೆ "ಆಪ್ಟ್-ಮಾರ್ಕ್ ಹೋಲ್ಡ್".

ಕೊಂಡಿಸಾಲು:
ಇಲ್ಲಿ ಎರಡು ಕಡೆ ನನ್ನ ಅಭಿಪ್ರಾಯ ಬೇರೆ.

ಒಂದು, ಡೌನ್‌ಗ್ರೇಡ್ ಎಷ್ಟು ದೂರ ಹರಡುತ್ತದೆ ಎಂದು ಮೊದಲೇ ತಿಳಿಯಬೇಕು. ಒಂದು ಜಿಸಿಸಿ ಸೋರ್ಸಿನ ಪ್ಯಾಕೇಜುಗಳೆಲ್ಲ ಅದರ "ಬೇಸ್" ಪ್ಯಾಕೇಜಿನ ಅದೇ ರಿವಿಜನ್ನಿಗೇ ಕಟ್ಟಿಕೊಂಡಿರುತ್ತವೆ. ಸಿಸ್ಟಮ್ ಪೂರ್ತಿ ಬಳಸುವ ಲಿಬ್‌ಜಿಸಿಸಿ-ಎಸ್1, ಲಿಬ್‌ಎಸ್‌ಟಿಡಿಸಿ++6 ಇವು ಆರ್ಕೈವ್‌ನಲ್ಲಿರುವ ಅತಿ ಹೊಸ ಜಿಸಿಸಿ ಸೋರ್ಸಿನಿಂದ ಬರುತ್ತವೆ. ಜಿಸಿಸಿ-15 ಆ ಕೆಲಸ ಮಾಡುತ್ತಿರುವಾಗ ಜಿಸಿಸಿ-14 ಕೆಟ್ಟಿದ್ದರೆ ಅದೃಷ್ಟ: 14ರ ಕುಟುಂಬ ಮಾತ್ರ ಹಿಂದೆ ಹೋಗುತ್ತದೆ, ರನ್‌ಟೈಮ್ ಅಲುಗುವುದಿಲ್ಲ. ಕೆಟ್ಟದ್ದು 15 ಆಗಿದ್ದರೆ 15ರ ಬೇಸ್ ಹಿಂದೆ ಹೋಗುವಾಗ ರನ್‌ಟೈಮನ್ನೂ ಎಳೆದುಕೊಂಡು ಹೋಗುತ್ತದೆ. ಐ386 ಇದ್ದರೆ ಅದರ ಜೋಡಿಗಳೂ ಅದೇ ರಿವಿಜನ್ ಇರಲೇಬೇಕು. ಒಂದನ್ನು ಮರೆತರೆ ಆಪ್ಟ್ ಐ386 ಕಡೆಯದೆಲ್ಲ ತೆಗೆಯಲು ಹೊರಡುತ್ತದೆ. ಸಿಸ್ಟಮ್ಮಿನ ಸಿ ಲೈಬ್ರರಿಯಾದ ಗ್ಲಿಬ್‌ಸಿಯನ್ನಂತೂ ಹಿಂದಕ್ಕೆ ತರಬೇಡಿ. ಹೊಸ ಸಿಂಬಲ್ ವರ್ಶನ್ ಬಯಸುವ ಒಂದೇ ಒಂದು ಬೈನರಿ ಬೂಟ್ ದಾರಿಯಲ್ಲಿದ್ದರೆ ರೆಸ್ಕ್ಯೂ ಡಿಸ್ಕ್ ಹುಡುಕಬೇಕಾಗುತ್ತದೆ.

ಎರಡು, ಹೋಲ್ಡ್ ಬೇಡ. ಹೋಲ್ಡ್ ಹಾಕಿದ್ದು ಮರೆಯುತ್ತದೆ, ಮೂರು ತಿಂಗಳ ನಂತರ ಅದೇ ಇನ್ನೊಂದು ಅಪ್‌ಗ್ರೇಡನ್ನು ಗಂಟು ಹಾಕುತ್ತದೆ. ಬದಲು ಆಪ್ಟ್‌ನ ಪ್ರಿಫರೆನ್ಸಸ್.ಡಿ ಒಳಗೆ ಮೂರು ಸಾಲಿನ ಫೈಲ್ ಬರೆಯಿರಿ: ಪ್ಯಾಕೇಜ್ ಸಾಲಿನಲ್ಲಿ "ಎಸ್‌ಆರ್‌ಸಿ:ಜಿಸಿಸಿ-14", ಪಿನ್ ಸಾಲಿನಲ್ಲಿ "ವರ್ಶನ್" ಎಂದು ಬರೆದು ಕೆಟ್ಟ ರಿವಿಜನ್ನಿನ ಪೂರ್ಣ ಹೆಸರು, ಪಿನ್-ಪ್ರಯಾರಿಟಿ ಮೈನಸ್ 1. ಆ ಒಂದು ರಿವಿಜನ್ ಮಾತ್ರ ನಿಷಿದ್ಧ. ಸರಿಪಡಿಸಿದ್ದು ಬಂದ ದಿನ ತಾನಾಗಿಯೇ ಒಳಗೆ ಬರುತ್ತದೆ.

ಸಿಡ್‌ಸವಾರಿ:
ಮೈನಸ್ ಪಿನ್ ಹೋಲ್ಡ್‌ಗಿಂತ ಉತ್ತಮ, ಒಪ್ಪಿದೆ.

ಬಂದರುಕೋಡು:
ಡೆಬಿಯನ್ ಅಲ್ಲ, ಫ್ರೀಬಿಎಸ್‌ಡಿ ಕರೆಂಟ್ (ಅದರ ಅಭಿವೃದ್ಧಿ ಶಾಖೆ) ಬಳಸುವವರೂ ಇಲ್ಲಿ ಓದುತ್ತಾರೆಂದು ಬರೆಯುತ್ತಿದ್ದೇನೆ. ಅಲ್ಲಿ ಕ್ಲ್ಯಾಂಗ್ ಬೇಸ್ ಸಿಸ್ಟಮ್ಮಿನ ಭಾಗ, ಆದ್ದರಿಂದ ಕೆಟ್ಟ ಕಂಪೈಲರ್ ಇನ್‌ಸ್ಟಾಲ್ ಆದರೆ ಸರಿಪಡಿಸುವ ಸೋರ್ಸನ್ನು ಕಂಪೈಲ್ ಮಾಡಲೂ ಅದೇ ಬೇಕಾಗುತ್ತದೆ. ಇನ್‌ಸ್ಟಾಲ್‌ವರ್ಲ್ಡ್‌ಗೆ ಮೊದಲು "ಬಿಇಸಿಟಿಎಲ್ ಕ್ರಿಯೇಟ್" ಕೊಟ್ಟು ಬೂಟ್ ಎನ್ವಿರಾನ್‌ಮೆಂಟ್ ಮಾಡಿಡಿ. ಜೆಡ್‌ಎಫ್‌ಎಸ್ ಇದ್ದರೆ ಕ್ಷಣದ ಕೆಲಸ. ಅದು ಇಲ್ಲದೆ ಸಿಕ್ಕಿಬಿದ್ದರೆ ಪ್ಯಾಕೇಜಿನಿಂದ ಎಲ್‌ಎಲ್‌ವಿಎಮ್ ಹಾಕಿ, ಬಿಲ್ಡ್‌ವರ್ಲ್ಡ್‌ಗೆ "ಕ್ರಾಸ್_ಟೂಲ್‌ಚೇನ್=ಎಲ್‌ಎಲ್‌ವಿಎಮ್18" ಹೀಗೆ ಹೊರಗಿನ ಟೂಲ್‌ಚೇನ್ ಹೆಸರು ಕೊಡಿ. ಸೋರ್ಸ್ ಮರದ ಅಪ್‌ಡೇಟಿಂಗ್ ಫೈಲಿನಲ್ಲಿ ದಿನಾಂಕವಾರು ಎಚ್ಚರಿಕೆಗಳಿರುತ್ತವೆ, ಪುಲ್ ಮಾಡಿದ ಮೇಲೆ ಮೊದಲು ಅದನ್ನು ಓದಿ.

ಅಸೆಂಬ್ಲಿ32:
ಬೈಟ್‌ಬಳ್ಳಿ, ಡೌನ್‌ಗ್ರೇಡ್ ಮಾಡಿ ಸುಮ್ಮನಾಗಬೇಡಿ, ಬಗ್ ಹಾಕಿ. ಪ್ರತಿ ಸಲ ಬರುವ ಐಸಿಇ ನಿಮ್ಮ ಕೈಯಲ್ಲಿದೆ, ಅದು ಬೆಲೆಬಾಳುವ ವಸ್ತು.

"-ಸೇವ್-ಟೆಂಪ್ಸ್" ಕೊಟ್ಟು ಕಂಪೈಲ್ ಮಾಡಿದರೆ ".ಐಐ" ಫೈಲ್ ಸಿಗುತ್ತದೆ, ಎಲ್ಲ ಹೆಡರ್‌ಗಳೂ ಒಳಗೆ ಸೇರಿ ಲಕ್ಷ ಸಾಲು ಇದ್ದೀತು. ಅದನ್ನು ಸಿವೈಸ್‌ಗೆ (ಬಗ್ ಉಳಿಸಿಕೊಂಡು ಫೈಲನ್ನು ಕತ್ತರಿಸಿ ಚಿಕ್ಕದು ಮಾಡುವ ಸಾಧನ) ಕೊಡಿ. ಅದಕ್ಕೊಂದು ಸಣ್ಣ ಶೆಲ್ ಸ್ಕ್ರಿಪ್ಟ್ ಬೇಕು: ಬಗ್ ಇನ್ನೂ ಇದ್ದರೆ ಸೊನ್ನೆ, ಇಲ್ಲದಿದ್ದರೆ ಬೇರೆ ಸಂಖ್ಯೆ ಹಿಂತಿರುಗಿಸಬೇಕು. ಜನ ಎಡವುವುದು ಈ ಸ್ಕ್ರಿಪ್ಟಿನಲ್ಲೇ. "ಕಂಪೈಲ್ ವಿಫಲವಾದರೆ ಸಾಕು" ಎಂದು ಬರೆದರೆ ಸಿವೈಸ್ ಎರಡೇ ನಿಮಿಷದಲ್ಲಿ ಒಂದು ಸೆಮಿಕೋಲನ್ ಇಲ್ಲದ ಫೈಲ್ ಮಾಡಿಕೊಡುತ್ತದೆ. ಐಸಿಇ ಸಾಲಿನ ಪಠ್ಯವನ್ನೇ, ಫಂಕ್ಷನ್ ಹೆಸರಿನ ಸಮೇತ, ಗ್ರೆಪ್ ಮಾಡಿ. ಕಂಪೈಲರಿಗೆ "ಟೈಮ್‌ಔಟ್ 30" ಹಾಕಿ, ಇಲ್ಲದಿದ್ದರೆ ಕತ್ತರಿಸುವಾಗ ಹುಟ್ಟುವ ಅನಂತ ಟೆಂಪ್ಲೇಟ್‌ಗಳು ರ‍್ಯಾಮ್ ನುಂಗುತ್ತವೆ. ಲಕ್ಷ ಸಾಲು 20–30 ಸಾಲಿಗೆ ಇಳಿಯುವುದು ಅಪರೂಪವೇನಲ್ಲ.

ವರದಿಯಲ್ಲಿ ಇರಬೇಕಾದ್ದು: "ಜಿಸಿಸಿ -ವಿ" ಔಟ್‌ಪುಟ್, ಪೂರ್ತಿ ಕಮಾಂಡ್ ಸಾಲು, ಇಳಿಸಿದ ಫೈಲ್, ಯಾವ ರಿವಿಜನ್‌ನಲ್ಲಿ ಸರಿ ಇತ್ತು, ಯಾವುದರಲ್ಲಿ ಕೆಟ್ಟಿತು. ಕನ್ನಡ ಲೊಕೇಲ್ ಇಟ್ಟುಕೊಂಡಿರುವವರು ಔಟ್‌ಪುಟ್ ತೆಗೆಯುವಾಗ "ಎಲ್‌ಸಿ_ಆಲ್=ಸಿ" ಹಾಕಿ; ಗ್ರೆಪ್ ಕೂಡ ತಪ್ಪುವುದಿಲ್ಲ. ರಿಪೋರ್ಟ್‌ಬಗ್‌ನಲ್ಲಿ ಕಳಿಸುವಾಗ ತೀವ್ರತೆಯನ್ನು ಯೋಚಿಸಿ ಆರಿಸಿ. ಸೀರಿಯಸ್ ಮತ್ತು ಅದಕ್ಕಿಂತ ಮೇಲಿನದು ಆ ರಿವಿಜನ್ ಟೆಸ್ಟಿಂಗ್‌ಗೆ ಹೋಗುವುದನ್ನೇ ತಡೆಯುತ್ತದೆ, ಒಂದು ಫೈಲಿನ ಐಸಿಇಗೆ ಸಾಮಾನ್ಯವಾಗಿ ಅಷ್ಟು ಬೇಡ. ಹಾಗೆ ಬಂದ ವರದಿಗಳನ್ನು ಇನ್‌ಸ್ಟಾಲ್‌ಗೆ ಮೊದಲೇ ತೋರಿಸುವ ಆಪ್ಟ್-ಲಿಸ್ಟ್‌ಬಗ್ಸ್ ಸಿಡ್ ಬಳಸುವ ಪ್ರತಿಯೊಬ್ಬರಲ್ಲೂ ಇರಬೇಕು.

ಹೆಡರ್‌ಹುಡುಗಿ:
ಐಸಿಇ ಬಂದರೆ ಗೊತ್ತಾದರೂ ಆಗುತ್ತದೆ. ಕಂಪೈಲ್ ಸರಿಯಾಗಿ ಆಗಿ ಓಡುವಾಗ ತಪ್ಪು ಉತ್ತರ ಬಂದರೆ? ಓ0ನಲ್ಲಿ ಸರಿ, ಓ2ನಲ್ಲಿ ತಪ್ಪು ಎಂದಷ್ಟಕ್ಕೇ ಕಂಪೈಲರನ್ನು ದೂರುವುದು ತಪ್ಪಲ್ಲವೇ?

ಅಸೆಂಬ್ಲಿ32:
ತಪ್ಪೇ. ಮೊದಲು "-ಎಫ್‌ನೋ-ಸ್ಟ್ರಿಕ್ಟ್-ಅಲಿಯಾಸಿಂಗ್", "-ಎಫ್‌ರ‍್ಯಾಪ್‌ವಿ", "-ಎಫ್‌ನೋ-ಅಗ್ರೆಸಿವ್-ಲೂಪ್-ಆಪ್ಟಿಮೈಸೇಶನ್ಸ್" ಮೂರನ್ನೂ ಓ2 ಜೊತೆ ಕೊಡಿ. ಉತ್ತರ ಸರಿಹೋದರೆ ಬಹುಮಟ್ಟಿಗೆ ನಮ್ಮ ಕೋಡಿನದೇ ದೋಷ. ಬಗ್ ಹಾಕುವ ಮೊದಲು ಇದನ್ನು ಮಾಡಿ ಎಂದು ಜಿಸಿಸಿಯವರೇ ಕೇಳುತ್ತಾರೆ. ನಂತರ ಅಡ್ರೆಸ್ ಮತ್ತು ಅನ್‌ಡಿಫೈನ್ಡ್ ಸ್ಯಾನಿಟೈಜರ್ (ಕೋಡಿನ ಇಂಥ ದೋಷಗಳನ್ನು ಓಡುವಾಗ ಹಿಡಿಯುವ ಆಯ್ಕೆಗಳು).

ಎಲ್ಲವೂ ಶುಭ್ರವಾಗಿದ್ದರೆ ಆಬ್ಜೆಕ್ಟ್ ಫೈಲುಗಳನ್ನು ಅರ್ಧರ್ಧ ಮಾಡಿ. ಎಲ್‌ಟಿಒ ಬಿಟ್ಟು, ಒಮ್ಮೆ ಹಳೆಯ ಕಂಪೈಲರಿನಲ್ಲಿ, ಒಮ್ಮೆ ಹೊಸದರಲ್ಲಿ ಪೂರ್ತಿ ಬಿಲ್ಡ್ ಮಾಡಿ ಎರಡು ಡೈರೆಕ್ಟರಿ ಇಟ್ಟುಕೊಳ್ಳಿ. ಅರ್ಧ ಫೈಲು ಇಲ್ಲಿಂದ, ಅರ್ಧ ಅಲ್ಲಿಂದ ತಂದು ಲಿಂಕ್ ಮಾಡಿ ಓಡಿಸಿ. 64 ಫೈಲಿದ್ದರೆ 6 ಸುತ್ತಿನಲ್ಲಿ ಒಂದೇ ಫೈಲಿಗೆ ಬರುತ್ತೀರಿ. ಸಿ++ ಆದರೆ ಕೊನೆಯ ಲಿಂಕನ್ನು ಹೊಸ ಜಿ++ನಿಂದ ಮಾಡಿ. ಹೊಸ ಲಿಬ್‌ಎಸ್‌ಟಿಡಿಸಿ++ ಹಳೆಯ ಆಬ್ಜೆಕ್ಟ್‌ಗಳನ್ನು ಒಪ್ಪುತ್ತದೆ, ಹಳೆಯದು ಹೊಸದನ್ನು ಒಪ್ಪುವ ಖಾತರಿ ಇಲ್ಲ.

ಮೇಕ್‌ಮನೆ:
ಇಷ್ಟೆಲ್ಲ ಮಾಡುವಾಗ ಸಿಕ್ಯಾಶ್ (ಹಿಂದೆ ಕಂಪೈಲ್ ಆದ ಆಬ್ಜೆಕ್ಟ್‌ಗಳನ್ನು ಉಳಿಸಿಟ್ಟು ಮತ್ತೆ ಕೊಡುವ ಸಾಧನ) ಆನ್ ಇದ್ದರೆ ಆಫ್ ಮಾಡಿ. ಸಿಕ್ಯಾಶ್ ಡೀಫಾಲ್ಟ್ ಆಗಿ ಕಂಪೈಲರನ್ನು ಗುರುತಿಸುವುದು ಜಿಸಿಸಿ ಡ್ರೈವರ್ ಫೈಲಿನ ಗಾತ್ರ ಮತ್ತು ಸಮಯದಿಂದ. ಕೆಟ್ಟದ್ದು ಬಿನ್‌ಯುಟಿಲ್ಸ್‌ನ ಎಎಸ್ ಆಗಿದ್ದು, ಅದನ್ನು ಮಾತ್ರ ಬದಲಿಸಿದರೆ ಡ್ರೈವರ್ ಹಾಗೆಯೇ ಇರುತ್ತದೆ. ಆಗ ಸಿಕ್ಯಾಶ್ ಹಳೆಯ, ಕೆಟ್ಟ ಆಬ್ಜೆಕ್ಟನ್ನೇ ತೆಗೆದುಕೊಡುತ್ತದೆ. ಬಿನ್‌ಯುಟಿಲ್ಸ್ ಬದಲಿಸಿದರೂ ಏನೂ ಸರಿಹೋಗಲಿಲ್ಲ ಎನಿಸುತ್ತದೆ. ಕ್ಯಾಪಿಟಲ್ ಸಿ ಆಯ್ಕೆ ಕೊಟ್ಟು ಪೂರ್ತಿ ಖಾಲಿ ಮಾಡಿ, ಅಥವಾ ಪರೀಕ್ಷೆಯ ಶೆಲ್‌ನಲ್ಲಿ "ಸಿಕ್ಯಾಶ್_ಡಿಸೇಬಲ್=1" ಇಡಿ.

ಬೈಟ್‌ಬಳ್ಳಿ:
ಸಿಕ್ಯಾಶ್ ಆನ್ ಇತ್ತು, ಆಫ್ ಮಾಡಿದ ಮೇಲೂ ಐಸಿಇ ಅದೇ ಸಾಲಿನಲ್ಲಿ. ಆ ಫೈಲಿಗೆ ವೆಕ್ಟರೈಜ್ ತೆಗೆದು ಬಿಲ್ಡ್ ಮುಗಿಸಿದೆ, ಡೌನ್‌ಗ್ರೇಡ್ ಬೇಕಾಗಲಿಲ್ಲ. ಸಿವೈಸ್ ಓಡುತ್ತಿದೆ, 1,12,000 ಸಾಲಿನಿಂದ ಈಗ 340ಕ್ಕೆ ಬಂದಿದೆ. ಇಳಿದ ಫೈಲನ್ನು ವರದಿಗೆ ಹಾಕಿ, ಬಗ್ ಸಂಖ್ಯೆಯನ್ನು ಇಲ್ಲೇ ಸೇರಿಸುತ್ತೇನೆ.